ದಡದಲ್ಲಿ ನಿಂತು ಬಲೆಯ ಲೆಕ್ಕ: ಸೂರ್ಯನ ಕರೋನಾ ಮತ್ತು ಅದರ ಕಾಂತಕ್ಷೇತ್ರ

(ಕಾರವಾರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಮೊದಲಿಗೆ ಒಂದು ತಪ್ಪೊಪ್ಪಿಗೆ. ನಾನು ಚಿಕ್ಕವನಿದ್ದಾಗ ಸೂರ್ಯನ ಕರೋನಾ, ಅಂದರೆ ಗ್ರಹಣದಲ್ಲಿ ಅದರ ಸುತ್ತ ಕಾಣುವ ಪ್ರಭೆ, ನಮ್ಮ ಮನೆಯ ಮಾಡಿನ ನೆತ್ತಿಗೇ ಬಂದು ನಿಂತಿತ್ತು. ನಾನು ನೋಡಲಿಲ್ಲ.

1980ರ ಫೆಬ್ರುವರಿ 16, ಶನಿವಾರ. ಇಲ್ಲಿ ತಲೆ ಬೆಳ್ಳಗಾದವರಿಗೆಲ್ಲ ಆ ದಿನ ನೆನಪಿರಬೇಕು. ಅರಬ್ಬಿ ಸಮುದ್ರ ದಾಟಿ ಬಂದ ಚಂದ್ರನ ನೆರಳು ಭಾರತದ ನೆಲ ಮುಟ್ಟಿದ್ದು ನಮ್ಮ ಈ ಕರಾವಳಿಯಲ್ಲಿ. ಇಲ್ಲಿಂದ ಘಟ್ಟ ಹತ್ತಿ ಹುಬ್ಬಳ್ಳಿ, ರಾಯಚೂರು ಕಡೆಯಿಂದ ಹಾದು ಪುರಿಯ ದಿಕ್ಕಿಗೆ ಹೋಯಿತು. ಬೆಂಗಳೂರಿನ ಖಭೌತ ವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದುರ್ಬೀನು ಹೂಡಿಕೊಂಡು ಕಾದಿದ್ದರು. ನಾನು ಅಂಕೋಲೆ ಹತ್ತಿರದ ಊರಲ್ಲಿ ಮೂರನೇ ಇಯತ್ತೆ. ಅಜ್ಜಿ ಊಟ ಬೇಗ ಮುಗಿಸಿ, ನೀರಿನ ಕೊಡಕ್ಕೂ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿ, ಮಕ್ಕಳನ್ನೆಲ್ಲ ಒಳಗೆ ಕೂಡಿ ಅಗಳಿ ಹಾಕಿದ್ದಳು. ಹೆಂಚಿನ ಸಂದಿಯಿಂದ ಸೆಗಣಿ ಸಾರಿಸಿದ ನೆಲದ ಮೇಲೆ ಬೀಳುತ್ತಿದ್ದ ದುಂಡನೆಯ ಬಿಸಿಲ ಚುಕ್ಕೆಗಳು ನಿಧಾನವಾಗಿ ಒಂದು ಮಗ್ಗುಲು ಕಚ್ಚಿಸಿಕೊಂಡು ಕುಡುಗೋಲಿನ ಹಾಗಾದವು. ಆಮೇಲೆ ಅವೂ ಇಲ್ಲವಾದವು. ಹೊರಗೆ ಕಾಗೆಗಳ ಗದ್ದಲ. ಎರಡು ಮೂರು ನಿಮಿಷ ಕಳೆದು ಮತ್ತೆ ನೆಲದ ಮೇಲೆ ಕುಡುಗೋಲು, ಈ ಸಲ ಆಚೆ ಕಡೆಗೆ ಬಾಗಿದ್ದು. ನನ್ನ ಪಾಲಿನ ಖಗ್ರಾಸ ಗ್ರಹಣ ಅಷ್ಟೇ.

ಅಂದು ಹೊರಗೆ ಏನಿತ್ತು ಎಂದು ನನಗೆ ಗೊತ್ತಾಗಿದ್ದು ಧಾರವಾಡದಲ್ಲಿ ಓದುವಾಗ, ಒಂದು ಫೋಟೋದಲ್ಲಿ. ಕಪ್ಪು ಬಿಲ್ಲೆ, ಸುತ್ತ ಬೆಳ್ಳನೆಯ ದಳಗಳು. ಸೂರ್ಯನ ಚಟುವಟಿಕೆಯ ಹನ್ನೊಂದು ವರ್ಷದ ಏರಿಳಿತದಲ್ಲಿ 1980 ಏರಿನ ಕಾಲ. ಅಂಥ ಹೊತ್ತಿನಲ್ಲಿ ಕರೋನಾ ಸುತ್ತಲೂ ಕೇದಿಗೆ ಎಸಳಿನಂತೆ ಚಾಚಿಕೊಂಡಿರುತ್ತದೆ. ಇಳಿಗಾಲದಲ್ಲಿ ಎರಡು ಪಕ್ಕಕ್ಕೆ ಮಾತ್ರ ರೆಕ್ಕೆ, ಧ್ರುವಗಳ ಮೇಲೆ ಗಿಡ್ಡ ಜುಟ್ಟು. ಈ ಆಕಾರವನ್ನು ಕೊಡುವವರು ಯಾರು? ಇವತ್ತಿನ ಮಾತು ಅದರದ್ದು.

ಕರೋನಾ ಎಂದಕೂಡಲೇ ಎದುರಿನ ಸಾಲಿನಲ್ಲಿ ಇಬ್ಬರು ನಕ್ಕರು. ಹೌದು, ಅದೇ ಪದ. ಲ್ಯಾಟಿನ್ನಿನಲ್ಲಿ ಕಿರೀಟ ಎಂದು ಅರ್ಥ. ವೈರಾಣುವಿನ ಸುತ್ತಲ ಮುಳ್ಳು ಈ ಪ್ರಭೆಯಂತೆ ಕಂಡಿದ್ದಕ್ಕೆ ಅದಕ್ಕೂ ಆ ಹೆಸರು ಬಿತ್ತು. ಸೂರ್ಯನದು ಹಳೆಯ ಕರೋನಾ, ಮಾಸ್ಕ್ ಬೇಡ.

ಇದು ಸೂರ್ಯನ ಹೊರಗಿನ ವಾತಾವರಣ. ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು, ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಬೆಳಕು. ಹಾಗಾಗಿ ಬಿಂಬವನ್ನು ಚಂದ್ರ ಮುಚ್ಚಿದಾಗಷ್ಟೇ ಬರಿಗಣ್ಣಿಗೆ ಕಾಣುತ್ತದೆ. ಬಿಂಬದ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಅದರ ಮೇಲಿರುವ ಕರೋನಾ ಹತ್ತಿಪ್ಪತ್ತು ಲಕ್ಷ ಡಿಗ್ರಿ. 1869ರ ಗ್ರಹಣದಲ್ಲಿ ಕರೋನಾದ ಬೆಳಕನ್ನು ರೋಹಿತಕ್ಕೆ, ಅಂದರೆ ಬಣ್ಣಗಳ ಪಟ್ಟಿಗೆ, ಒಡೆದಾಗ ಯಾವ ಮೂಲವಸ್ತುವಿಗೂ ಹೊಂದದ ಒಂದು ಹಸಿರು ಗೆರೆ ಸಿಕ್ಕಿತು. ಇದು ಹೊಸ ಧಾತುವೇ ಇರಬೇಕು ಎಂದು ಕರೋನಿಯಂ ಅಂತ ನಾಮಕರಣವನ್ನೂ ಮಾಡಿದರು! ಎಪ್ಪತ್ತು ವರ್ಷದ ಮೇಲೆ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಅದು ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಎಂದು ತೋರಿಸಿದರು. ನಮ್ಮ ಕತ್ತಿ, ಗುದ್ದಲಿಯ ಕಬ್ಬಿಣವೇ. ಅಷ್ಟು ಎಲೆಕ್ಟ್ರಾನ್ ಕಳಚಬೇಕಾದರೆ ಅಷ್ಟು ಬಿಸಿ ಬೇಕು. ಒಲೆಗಿಂತ ಒಲೆಯ ಮೇಲಿನ ಗಾಳಿ ಯಾಕೆ ಬಿಸಿ ಎಂಬುದರ ಜಗಳ ಇನ್ನೂ ಮುಗಿದಿಲ್ಲ. ಅದು ಬೇರೆಯೇ ಉಪನ್ಯಾಸ. ಆದರೆ ಯಾವ ಪಕ್ಷದವರನ್ನು ಕೇಳಿದರೂ ಬೆರಳು ತೋರಿಸುವುದು ಕಾಂತಕ್ಷೇತ್ರದ ಕಡೆಗೆ.

ಅಷ್ಟು ಬಿಸಿಯಲ್ಲಿ ಅನಿಲ ಎಂದರೆ ವಿದ್ಯುದಂಶ ಹೊತ್ತ ಕಣಗಳ ಗುಂಪು, ಪ್ಲಾಸ್ಮಾ. ಅದು ಕಾಂತರೇಖೆಯ ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ, ಅಡ್ಡ ದಾಟಲಾರದು. ತೋಟದ ಕಾಲುವೆಯ ನೀರು ಕಾಲುವೆಯ ಗುಂಟವೇ ಹೋಗುವಂತೆ. ಗ್ರಹಣದಲ್ಲಿ ಕಾಣುವ ದಳ, ಎಳೆ, ಕಮಾನುಗಳು ಕಾಂತಕ್ಷೇತ್ರ ಹಾಕಿಕೊಟ್ಟ ಕಾಲುವೆಗಳು.

ಹಾಗಾದರೆ ಆ ಕ್ಷೇತ್ರವನ್ನು ಅಳೆದರಾಯಿತಲ್ಲ? ಬಿಂಬದ ಮೇಲ್ಮೈಯಲ್ಲಿ ಅಳೆಯಬಹುದು. ಕಾಂತಕ್ಷೇತ್ರದೊಳಗೆ ಪರಮಾಣುವಿನ ರೋಹಿತ ಗೆರೆ ಸೀಳುತ್ತದೆ ಎಂದು 1896ರಲ್ಲಿ ಪೀಟರ್ ಝೀಮನ್ ಕಂಡುಕೊಂಡರು. 1908ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ ಜಾರ್ಜ್ ಎಲರಿ ಹೇಲ್ ಸೂರ್ಯಕಲೆಗಳ, ಅಂದರೆ ಬಿಂಬದ ಮೇಲಿನ ಕಪ್ಪು ಮಚ್ಚೆಗಳ, ಬೆಳಕಿನಲ್ಲಿ ಅದೇ ಸೀಳು ಕಂಡು, ಕಲೆಗಳೆಂದರೆ ದೈತ್ಯ ಅಯಸ್ಕಾಂತಗಳು ಎಂದರು. ದೊಡ್ಡ ಕಲೆಯಲ್ಲಿ ಎರಡು ಮೂರು ಸಾವಿರ ಗಾಸ್ (ಗಾಸ್ ಎಂದರೆ ಕಾಂತಕ್ಷೇತ್ರ ಅಳೆಯುವ ಮಾನ) ಇರುತ್ತದೆ. ನಾವು ನಿಂತ ಭೂಮಿಯದು ಅರ್ಧ ಗಾಸಿನ ಆಸುಪಾಸು. ಈಗ ಈ ಕೆಲಸವನ್ನು 2010ರಲ್ಲಿ ಹಾರಿಸಿದ ನಾಸಾದ ಎಸ್‌ಡಿಒ ಉಪಗ್ರಹ ಮಾಡುತ್ತಿದೆ. ಅದರ ಎಚ್‌ಎಂಐ ಉಪಕರಣ 45 ಸೆಕೆಂಡಿಗೊಮ್ಮೆ ಇಡೀ ಬಿಂಬದ ಕಾಂತನಕ್ಷೆ ತೆಗೆಯುತ್ತದೆ. ಕ್ಷೇತ್ರದ ಓರೆಯನ್ನೂ ಹೇಳುವ ಪೂರ್ಣ ನಕ್ಷೆ 12 ನಿಮಿಷಕ್ಕೊಂದು.

ಕರೋನಾದ ಮಟ್ಟಿಗೆ ಇದು ಕೈಕೊಡುತ್ತದೆ. ಅಲ್ಲಿ ಕ್ಷೇತ್ರ ಹೆಚ್ಚಿನ ಕಡೆ ಕೆಲವೇ ಗಾಸ್. ಬೆಳಕೂ ಬಡ. ಮೇಲಾಗಿ ಬಿಸಿಗೆ ಪರಮಾಣುಗಳು ದಿಕ್ಕಾಪಾಲಾಗಿ ಓಡುವುದರಿಂದ ಗೆರೆಯೇ ಅಗಲವಾಗಿ ಹರಡಿಕೊಂಡಿರುತ್ತದೆ. ಹತ್ತು ಗಾಸಿಗೆ ಆಗುವ ಸೀಳು ಆ ಅಗಲದ ಸಾವಿರದ ಒಂದು ಪಾಲಿಗೂ ಕಡಿಮೆ. ಅದನ್ನು ಹುಡುಕುವುದೆಂದರೆ ಜಾತ್ರೆಯ ಗದ್ದಲದಲ್ಲಿ ಸೂಜಿ ಬಿದ್ದ ಸದ್ದು ಆಲಿಸಿದ ಹಾಗೆ.

ರಂಪಣಿ ಬಲೆ ಎಳೆಯುವುದನ್ನು ಕಂಡವರು ಇಲ್ಲಿ ಎಷ್ಟು ಜನ? (ಅರ್ಧಕ್ಕರ್ಧ ಕೈಗಳು ಮೇಲೆದ್ದವು.) ಹಾಗಿದ್ದರೆ ನನ್ನ ಕೆಲಸ ಹಗುರ. ದೋಣಿ ಒಂದು ತುದಿಯ ಹಗ್ಗವನ್ನು ದಡದವರ ಕೈಗೆ ಕೊಟ್ಟು, ಕಡಲೊಳಗೆ ಅರ್ಧಚಂದ್ರ ಸುತ್ತಿ ಬಲೆ ಬಿಡುತ್ತ ಬಂದು, ಇನ್ನೊಂದು ತುದಿಯನ್ನು ಅಷ್ಟು ದೂರದಲ್ಲಿ ದಡಕ್ಕೆ ತಂದು ಮುಟ್ಟಿಸುತ್ತದೆ. ಎರಡೂ ಕಡೆ ಜನ ನಿಂತು ಎಳೆಯುತ್ತಾರೆ. ಬಲೆ ಇರುವುದು ನೀರೊಳಗೆ. ಕಣ್ಣಿಗೆ ಕಾಣುವುದು ಎರಡು ಹಗ್ಗದ ಬುಡ ಮತ್ತು ಅಲ್ಲೊಂದು ಇಲ್ಲೊಂದು ತೇಲುವ ಬೆಂಡು. ಆದರೂ ಪಳಗಿದ ಮುದುಕ ಹಗ್ಗ ಯಾವ ಓರೆಯಲ್ಲಿ ನೀರಿಗಿಳಿದಿದೆ, ಎಷ್ಟು ಬಿಗಿ ಇದೆ ಎಂದು ನೋಡಿ ಬಲೆಯ ಹೊಟ್ಟೆ ಎಲ್ಲಿದೆ ಎಂದು ಹೇಳುತ್ತಾನೆ.

ಕರೋನಾದ ಕಾಂತಕ್ಷೇತ್ರದ ಮಾದರಿ ಎಂದರೆ ಆ ಮುದುಕನ ಲೆಕ್ಕ. ದಡ ಎಂದರೆ ಸೂರ್ಯನ ಮೇಲ್ಮೈ, ಅಳೆಯಲು ಸಿಗುವುದು ಅಲ್ಲಿ ಮಾತ್ರ. ಕಮಾನಿನ ಉಳಿದ ಭಾಗವನ್ನು ಭೌತಶಾಸ್ತ್ರದ ನಿಯಮ ಹಿಡಿದು ಕಟ್ಟಬೇಕು. ಅತಿನೇರಳೆ ಚಿತ್ರದಲ್ಲಿ ಹೊಳೆಯುವ ಕಮಾನುಗಳು ಬೆಂಡು ಇದ್ದ ಹಾಗೆ. ಬಿಸಿ ಪ್ಲಾಸ್ಮಾ ತುಂಬಿದ ಕೆಲವು ಎಳೆ ಮಾತ್ರ ಕಾಣುತ್ತವೆ, ಮಿಕ್ಕ ಬಲೆ ಕತ್ತಲೆಯಲ್ಲಿ. ಪತ್ರಿಕೆ, ಟಿವಿಯಲ್ಲಿ ಸೂರ್ಯನ ಸುತ್ತ ಬಣ್ಣದ ದಾರಗಳು ಹೊರಟ ಚಿತ್ರ ನೋಡಿರುತ್ತೀರಿ. ಅದು ಫೋಟೋ ಅಲ್ಲವೇ ಅಲ್ಲ, ಗಣಕ ಬಿಡಿಸಿದ ಊಹೆ. ಕೆಳಗೆ ಚಿಕ್ಕ ಅಕ್ಷರದಲ್ಲಾದರೂ ಹಾಗೆಂದು ಬರೆಯಬೇಕಿತ್ತು ಎಂಬುದು ನನ್ನ ಹಳೆಯ ತಕರಾರು.

ಎಲ್ಲಕ್ಕಿಂತ ಸರಳವಾದ ಮಾದರಿ 1969ರದು. ಶಾಟನ್, ವಿಲ್ಕಾಕ್ಸ್ ಮತ್ತು ನೆಸ್ ಎಂಬ ಮೂವರು ಒಂದು ಕಡೆ, ಆಲ್ಟ್‌ಶುಲರ್ ಮತ್ತು ನ್ಯೂಕರ್ಕ್ ಇನ್ನೊಂದು ಕಡೆ, ಒಂದೇ ವರ್ಷ ಒಂದೇ ದಾರಿ ಹಿಡಿದರು. ಕರೋನಾದಲ್ಲಿ ವಿದ್ಯುತ್ ಪ್ರವಾಹವೇ ಇಲ್ಲ ಎಂದುಕೊಳ್ಳಿ. ಹಾಗಾದಾಗ ಮೇಲ್ಮೈಯ ಅಳತೆಯಿಂದ ಮೇಲಿನ ಕ್ಷೇತ್ರ ನೇರವಾಗಿ ಸಿಗುತ್ತದೆ, ಶಾಲೆಯಲ್ಲಿ ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿದಾಗ ಬರುವ ಚಿತ್ರದಂತೆ. ಹೊರಗೆ ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹೊರಕ್ಕೆ ಬೀಸುವ ಪ್ಲಾಸ್ಮಾ, ರೇಖೆಗಳನ್ನು ಎಳೆದುಕೊಂಡು ಹೋಗುತ್ತದಲ್ಲ, ಅದಕ್ಕಾಗಿ ಒಂದು ಎತ್ತರದಲ್ಲಿ ಕಾಲ್ಪನಿಕ ಗೋಳವೊಂದನ್ನು ಇಟ್ಟು, ಅಲ್ಲಿಗೆ ಮುಟ್ಟಿದ ರೇಖೆಯೆಲ್ಲ ನೆಟ್ಟಗೆ ಹೊರಗೆ ಹೋಗಲಿ ಎಂದರು. ಎಷ್ಟು ಎತ್ತರ? ಮೂವರು ಹೇಳಿದ್ದು ಸೂರ್ಯಕೇಂದ್ರದಿಂದ 1.6 ತ್ರಿಜ್ಯ, ಇಬ್ಬರು ಹೇಳಿದ್ದು 2.5. ಈಗ ರೂಢಿಯಲ್ಲಿ ಉಳಿದಿರುವುದು 2.5. ಅಲ್ಲಿ ಹೋಗಿ ನೋಡಿದರೆ ಗೋಳವೂ ಇಲ್ಲ, ಗಡಿಯೂ ಇಲ್ಲ. ಆದರೂ ಈ ಮಾದರಿ ಅರ್ಧ ಶತಮಾನ ಬಾಳಿದೆ. ಯಾವ ರೇಖೆ ಮರಳಿ ಸೂರ್ಯನಿಗೆ ಬೀಳುತ್ತದೆ, ಯಾವುದು ಬಾಹ್ಯಾಕಾಶಕ್ಕೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಒಟ್ಟಾರೆ ಸರಿಯಾಗೇ ಹೇಳುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪು ಇದನ್ನು ಚಹಾ ಕುಡಿದು ಮುಗಿಸುವುದರೊಳಗೆ ಮಾಡುತ್ತದೆ.

ಇದರ ಕೊರತೆ ಎಲ್ಲಿ ಎಂದರೆ, ಪ್ರವಾಹ ಇಲ್ಲವೆಂದ ಮೇಲೆ ಸ್ಫೋಟವೂ ಇಲ್ಲ. ಸೌರಜ್ವಾಲೆಗೆ ಬೇಕಾದ ಶಕ್ತಿ ಪ್ರವಾಹ ಹರಿಯುವ, ತಿರುಚಿದ ಕ್ಷೇತ್ರದಲ್ಲಿ ಕೂತಿರುತ್ತದೆ. ಇಲ್ಲಿಗೆ ಹಗ್ಗ ಮತ್ತೆ ಬರಬೇಕು. ನಾರಿನ ಹಗ್ಗ ಹೊಸೆಯುವಾಗ ಹುರಿ ಹಾಕುತ್ತೇವೆ. ಹುರಿ ಹಾಕಿದ ಹಗ್ಗವನ್ನು ಕೈಬಿಟ್ಟರೆ ಗಿರ್ರನೆ ಬಿಚ್ಚಿಕೊಳ್ಳುತ್ತದೆ, ಹಾಕಿದ ಶ್ರಮವೆಲ್ಲ ಅದರಲ್ಲಿ ಕಾದಿರುತ್ತದೆ. ಸೂರ್ಯನ ಮೇಲ್ಮೈ ಸದಾ ಹೊರಳುತ್ತ, ಸುಳಿಯುತ್ತ ಇರುವುದರಿಂದ ಕಮಾನುಗಳ ಬುಡ ತಿರುಚುತ್ತಲೇ ಇರುತ್ತದೆ.

ಕರೋನಾದ ಕೆಳಭಾಗದಲ್ಲಿ ಅನಿಲದ ಒತ್ತಡಕ್ಕಿಂತ ಕಾಂತಕ್ಷೇತ್ರದ ಒತ್ತಡ ಎಷ್ಟೋ ಪಟ್ಟು ದೊಡ್ಡದು. ಕ್ಷೇತ್ರವನ್ನು ತಡೆದು ಹಿಡಿಯಲು ಅಲ್ಲಿ ಬೇರೆ ಯಾರಿಗೂ ತ್ರಾಣವಿಲ್ಲ, ತನ್ನೊಳಗೆ ತಾನೇ ಸಮತೂಕ ಕಂಡುಕೊಳ್ಳಬೇಕು. ಅದಕ್ಕೆ ಒಂದೇ ದಾರಿ, ಪ್ರವಾಹ ಕಾಂತರೇಖೆಯ ಗುಂಟವೇ ಹರಿಯುವುದು. ಗಣಿತದವರು ಇದಕ್ಕೆ ಆಲ್ಫಾ ಎಂಬ ಒಂದು ಸಂಖ್ಯೆ ಇಟ್ಟಿದ್ದಾರೆ. ನಾನು ಅದನ್ನು ಹುರಿ ಎನ್ನುತ್ತೇನೆ. ಒಂದು ರೇಖೆಯಿಂದ ಇನ್ನೊಂದಕ್ಕೆ ಹುರಿ ಬೇರೆ ಇರಬಹುದು, ಆದರೆ ಒಂದೇ ರೇಖೆಯಲ್ಲಿ ಈ ಬುಡದಿಂದ ಆ ಬುಡದ ತನಕ ಒಂದೇ.

ಇಷ್ಟು ಚೆಂದದ ನಿಯಮ ಸಿಕ್ಕ ಮೇಲೆ ಕೆಲಸ ಮುಗಿಯಿತು ಅನಿಸಬೇಕು. ಅಲ್ಲಿಂದಲೇ ತಾಪತ್ರಯ ಶುರು. ಈ ಬುಡದಲ್ಲಿ ಅಳೆದರೆ ಹುರಿ ನಾಲ್ಕು, ಆ ಬುಡದಲ್ಲಿ ಅಳೆದರೆ ಏಳು! ಯಾಕೆಂದರೆ ಅಳೆಯುವ ಜಾಗ ಮೇಲ್ಮೈ, ಅಲ್ಲಿ ಅನಿಲ ದಟ್ಟವಾಗಿದೆ, ಕ್ಷೇತ್ರವನ್ನು ಎತ್ತೆಂದರತ್ತ ತಳ್ಳುತ್ತದೆ. ಕರೋನಾದ ನಿಯಮ ದಡದ ಮರಳಿಗೆ ಅನ್ವಯಿಸುವುದಿಲ್ಲ. ಇನ್ನೊಂದು ತೊಡಕು: ಕ್ಷೇತ್ರದ ಅಡ್ಡ ಭಾಗವನ್ನು ಬೆಳಕಿನ ಧ್ರುವೀಕರಣದಿಂದ, ಅಂದರೆ ಬೆಳಕಿನ ಅಲೆ ಯಾವ ಓರೆಯಲ್ಲಿ ಕಂಪಿಸುತ್ತದೆ ಎಂಬುದರಿಂದ, ತಿಳಿಯುತ್ತೇವೆ. ಹಗ್ಗ ಪೂರ್ವ-ಪಶ್ಚಿಮವಾಗಿ ಮಲಗಿದೆ ಎಂದು ಅದು ಹೇಳುತ್ತದೆ, ತಲೆ ಪೂರ್ವಕ್ಕೋ ಪಶ್ಚಿಮಕ್ಕೋ ಹೇಳುವುದಿಲ್ಲ. ನೂರಎಂಬತ್ತು ಡಿಗ್ರಿಯ ಈ ಗೊಂದಲವನ್ನು ಪ್ರತಿ ಚುಕ್ಕೆಯಲ್ಲೂ ಅಕ್ಕಪಕ್ಕ ನೋಡಿ ಬಿಡಿಸಬೇಕು. ಬಿಂಬದ ಅಂಚಿಗೆ ಹೋದಷ್ಟೂ ಇದು ಕಗ್ಗಂಟು.

ಬೇರೆ ಬೇರೆ ಗುಂಪಿನವರು ಬೇರೆ ಬೇರೆ ಉಪಾಯದಿಂದ ಇದನ್ನೆಲ್ಲ ತಿದ್ದಿ ಲೆಕ್ಕ ಮಾಡುತ್ತಾರೆ. ಉತ್ತರ ಮೊದಲೇ ಗೊತ್ತಿರುವ ಮಾದರಿ ಲೆಕ್ಕ ಕೊಟ್ಟಾಗ ಒಳ್ಳೊಳ್ಳೆಯ ಪ್ರೋಗ್ರಾಮುಗಳು ಪಾಸಾದವು. 2009ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮಾರ್ಕ್ ಡಿರೋಸಾ ಮತ್ತು ಜೊತೆಗಾರರು ನಿಜವಾದ ಸೂರ್ಯನನ್ನೇ ಮುಂದಿಟ್ಟರು. 10953 ಸಂಖ್ಯೆಯ ಸಕ್ರಿಯ ಪ್ರದೇಶ (ಕಲೆಗಳಿರುವ, ಕಾಂತಕ್ಷೇತ್ರ ಬಲವಾಗಿರುವ ಜಾಗ), ಜಪಾನಿನ ಹಿನೋಡೆ ಉಪಗ್ರಹದ ಅಳತೆ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ನಾಸಾದ ಸ್ಟೀರಿಯೊ ಎಂಬ ಜೋಡಿ ನೌಕೆಗಳು ಎರಡು ಕೋನದಿಂದ ಕಂಡ ಕಮಾನುಗಳಿಗೂ ಲೆಕ್ಕದ ಕಮಾನುಗಳಿಗೂ ಸರಾಸರಿ ಇಪ್ಪತ್ತು ಡಿಗ್ರಿ ಮೀರಿದ ಓರೆ. ಕೂಡಿಟ್ಟ ಶಕ್ತಿ ಎಷ್ಟು ಎಂಬುದರಲ್ಲೂ ಒಮ್ಮತವಿಲ್ಲ. ನಮ್ಮದು ಸರಿಯಿಲ್ಲ ಎಂದು ಆ ಕ್ಷೇತ್ರದವರೇ ಒಟ್ಟಿಗೆ ಕೂತು ಬರೆದು ಪ್ರಕಟಿಸಿದ್ದು ನನಗೆ ತುಂಬ ಹಿಡಿಸಿದ ಸಂಗತಿ. ವಿದ್ಯಾರ್ಥಿಗಳಿಗೆ ಮೊದಲು ಆ ಬರಹ ಓದಲು ಕೊಡುತ್ತೇನೆ, ಗೆದ್ದವರದ್ದು ಆಮೇಲೆ.

ಸಮೀಕರಣ ಬಿಡಿಸುವುದು ಕಷ್ಟ, ನಿಜ. ಆದರೆ ಇದರ ಹಿಂದೆ ಅಷ್ಟು ವರ್ಷ ಅಲೆದ ಮೇಲೆ ನನಗೆ ಅನಿಸುವುದು, ನಮ್ಮ ದೊಡ್ಡ ಬಡತನ ಇರುವುದು ದಡದಲ್ಲಿ ಎಂದು. ನಮಗೆ ಕಾಣುವುದು ಅರ್ಧ ಸೂರ್ಯ. ಆಚೆ ಮುಖ ತಿರುಗಿ ಬರಲು ಕಾಯಬೇಕು, ಭೂಮಿಯಿಂದ ನೋಡಿದಂತೆ ಒಂದು ಸುತ್ತಿಗೆ ಸುಮಾರು 27 ದಿನ. ಆದ್ದರಿಂದ 'ಇಡೀ ಸೂರ್ಯನ ನಕ್ಷೆ' ಎಂದು ನಾವು ಮಾದರಿಗೆ ತಿನ್ನಿಸುವುದು ಬೇರೆ ಬೇರೆ ದಿನ ತೆಗೆದ ಪಟ್ಟಿಗಳನ್ನು ಹೊಲಿದ ಕೌದಿ. ಹೊಲಿಗೆ ಮುಗಿಯುವಷ್ಟರಲ್ಲಿ ಮೊದಲ ಪಟ್ಟಿಯಲ್ಲಿ ಹೊಸ ಕಲೆ ಹುಟ್ಟಿರುತ್ತದೆ. ಧ್ರುವಗಳ ಕಥೆ ಇನ್ನೂ ಕೆಟ್ಟದ್ದು. ಸೂರ್ಯನ ಅಕ್ಷ ನಮ್ಮ ಕಡೆಗೆ ಹೆಚ್ಚೆಂದರೆ ಏಳೂಕಾಲು ಡಿಗ್ರಿ ಬಾಗುತ್ತದೆ, ಹಾಗಾಗಿ ಧ್ರುವ ನಮಗೆ ಓರೆಗಣ್ಣಲ್ಲಷ್ಟೇ ಕಂಡಿದ್ದು. ವೇಗದ ಸೌರಮಾರುತ ಹೊರಡುವುದು ಮುಖ್ಯವಾಗಿ ಅಲ್ಲಿಂದ, ಕರೋನಾದ ಒಟ್ಟು ಆಕಾರ ನಿರ್ಧಾರವಾಗುವುದೂ ಬಹುಪಾಲು ಅಲ್ಲಿಯೇ. 2025ರಲ್ಲಿ ಯುರೋಪಿನ ಸೋಲಾರ್ ಆರ್ಬಿಟರ್ ತನ್ನ ಕಕ್ಷೆಯನ್ನು ಹದಿನೇಳು ಡಿಗ್ರಿ ಓರೆ ಮಾಡಿಕೊಂಡು ದಕ್ಷಿಣ ಧ್ರುವವನ್ನು ಇಣುಕಿ ನೋಡಿತು. ಅಲ್ಲಿಯ ತನಕ ಧ್ರುವಕ್ಕೆ ನಾವು ತುಂಬುತ್ತಿದ್ದ ಸಂಖ್ಯೆಗಳಲ್ಲಿ ಅರೆಪಾಲು ಅಂದಾಜು.

ಇಷ್ಟಾದರೂ ಮಾದರಿಗಳು ಸುಮ್ಮನೆ ಕೂತಿಲ್ಲ. ಪ್ಲಾಸ್ಮಾದ ತೂಕ, ಬಿಸಿ, ಹರಿವನ್ನೂ ಸೇರಿಸಿ ಸೂಪರ್‌ಕಂಪ್ಯೂಟರಿನಲ್ಲಿ ನಡೆಸುವ ದೊಡ್ಡ ಮಾದರಿಗಳು ಬಂದಿವೆ. ಅವುಗಳಿಗೆ ಪರೀಕ್ಷೆಯ ದಿನ ಎಂದರೆ ಖಗ್ರಾಸ ಗ್ರಹಣ. 2017ರ ಆಗಸ್ಟ್ 21ರ ಅಮೆರಿಕದ ಗ್ರಹಣಕ್ಕೆ ಮೊದಲೇ ಸ್ಯಾನ್ ಡಿಯೇಗೋದ ಪ್ರಿಡಿಕ್ಟಿವ್ ಸೈನ್ಸ್ ಗುಂಪು ಕರೋನಾ ಹೀಗೆ ಕಾಣುತ್ತದೆ ಎಂದು ಚಿತ್ರ ಹೊರಡಿಸಿತು. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ದಿಬ್ಯೇಂದು ನಂದಿ ಅವರ ಗುಂಪೂ ತನ್ನ ಮುನ್ಸೂಚನೆ ಕೊಟ್ಟಿತು. ದೊಡ್ಡ ದಳಗಳು ಎಲ್ಲೆಲ್ಲಿ ಎಂಬುದು ಬಹುಮಟ್ಟಿಗೆ ಹೊಂದಿತು, ಸಣ್ಣ ಎಳೆಗಳು ಹೊಂದಲಿಲ್ಲ. ಆಟಕ್ಕೆ ಮುಂಚೆಯೇ ಚೀಟಿ ಬರೆದು ಮಡಿಸಿಟ್ಟು, ಆಮೇಲೆ ಎಲ್ಲರೆದುರು ಬಿಚ್ಚುವುದು ಇದು.

ನೇರವಾಗಿ ಅಳೆಯುವವರೂ ಬಿಟ್ಟಿಲ್ಲ. 2020ರಲ್ಲಿ ಹವಾಯಿಯ ಒಂದು ಉಪಕರಣ ಕರೋನಾದ ಎಳೆಗಳಲ್ಲಿ ಓಡುವ ಅಲೆಗಳ ವೇಗ ನೋಡಿ, ತಂತಿಯ ನಾದದಿಂದ ಬಿಗಿ ತಿಳಿದ ಹಾಗೆ, ಕ್ಷೇತ್ರದ ನಕ್ಷೆ ಬರೆಯಿತು. ಬಂದದ್ದು ಒಂದರಿಂದ ನಾಲ್ಕು ಗಾಸ್. ನಮ್ಮಲ್ಲೇ, ಗೌರಿಬಿದನೂರಿನ ರೇಡಿಯೋ ಆಂಟೆನಾಗಳು ಕರೋನಾದಿಂದ ಬರುವ ರೇಡಿಯೋ ತರಂಗಗಳ ಧ್ರುವೀಕರಣದಿಂದ ಅದೇ ಕ್ಷೇತ್ರವನ್ನು ಅಂದಾಜು ಮಾಡುತ್ತಿವೆ. ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ನೌಕೆ ಆದಿತ್ಯ-ಎಲ್1 ನಿಮಗೆ ಗೊತ್ತಿದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟು, 2024ರ ಜನವರಿ 6ರಂದು ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು. ಅದರಲ್ಲಿರುವ ವೆಲ್ಕ್ ಎಂಬ ಉಪಕರಣ ಸಿದ್ಧವಾಗಿದ್ದು ಹೊಸಕೋಟೆಯಲ್ಲಿ. ಸೂರ್ಯಬಿಂಬವನ್ನು ಒಳಗೇ ಮರೆಮಾಡಿ, ಕೃತಕ ಗ್ರಹಣ ಮಾಡಿಕೊಂಡು, ಬಿಂಬದ ಅಂಚಿನ ತೀರ ಹತ್ತಿರದ ಕರೋನಾ ನೋಡುವುದು ಅದರ ಕೆಲಸ. ಕಬ್ಬಿಣದ ಒಂದು ಅವಗೆಂಪು ಗೆರೆಯ ಧ್ರುವೀಕರಣದಿಂದ ಕಾಂತಕ್ಷೇತ್ರ ತಿಳಿಯುವ ಏರ್ಪಾಡೂ ಅದರಲ್ಲಿದೆ. ಇವೆಲ್ಲ ನೀರೊಳಗೆ ಇಳಿದು ಬಲೆ ಮುಟ್ಟಿದ ಹಾಗೆ. ಒಂದೊಂದೇ ಕಣ್ಣಿ ಸಿಗುತ್ತದೆ, ಇಡೀ ಬಲೆ ಕಟ್ಟಲು ಮಾದರಿ ಬೇಕೇ ಬೇಕು.

ಇನ್ನು ಪ್ರಶ್ನೆಗಳು.

ಬಾಗಿಲ ಹತ್ತಿರ ಕುಳಿತಿದ್ದ ಹಿರಿಯರೊಬ್ಬರು, ದೋಣಿಯಲ್ಲೇ ಆಯುಷ್ಯ ಕಳೆದವರು, ಎದ್ದು ಕೇಳಿದರು: "ಮಾಸ್ತರ್ರೇ, ಹುರಿ ಜಾಸ್ತಿ ಆದ್ರೆ ಹಗ್ಗ ಹರಿಯೂದಿಲ್ಲ, ಮೊದ್ಲು ಸುರುಳಿ ಸುತ್ಕಂಡು ಗಂಟಾಗ್ತದೆ. ಅಲ್ಲಿ ಹೆಂಗೆ?"

ಅಲ್ಲಿಯೂ ಹಾಗೇ. ತೀರ ಸರಳ ಲೆಕ್ಕದಲ್ಲಿ, ಎರಡೂ ಬುಡ ಗಟ್ಟಿಯಾಗಿ ನಿಂತ ಕಮಾನಿಗೆ ಸುಮಾರು ಒಂದೂಕಾಲು ಸುತ್ತು ಮೀರಿ ಹುರಿ ಬಿದ್ದರೆ ಅದು ಡೊಂಕಾಗಿ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ಪಕ್ಕದ ರೇಖೆಗಳಿಗೆ ಉಜ್ಜಿ, ಅಲ್ಲಿ ಕಡಿದು ಇಲ್ಲಿ ಕೂಡಿಕೊಂಡು, ಕೂಡಿಟ್ಟ ಶಕ್ತಿಯನ್ನು ಒಮ್ಮೆಗೇ ಬಿಡುತ್ತದೆ. 2024ರ ಮೇ ತಿಂಗಳಲ್ಲಿ 13664 ಎಂಬ ಸಕ್ರಿಯ ಪ್ರದೇಶ ಒಂದರ ಹಿಂದೊಂದು ಸಿಡಿದಾಗ ಅಲ್ಲಿಂದ ಚಿಮ್ಮಿದ ಪ್ಲಾಸ್ಮಾ ಭೂಮಿಗೆ ಬಡಿದು, ಲಡಾಖಿನ ಹಾನ್ಲೆಯಲ್ಲಿ ಧ್ರುವಪ್ರಭೆಯಿಂದ ಆಕಾಶ ಕೆಂಪಗಾಯಿತು. ಇವತ್ತು ಸಿಡಿಯುತ್ತದೋ ನಾಳೆಯೋ ಎಂದು ಖಚಿತವಾಗಿ ಹೇಳುವ ಮಾದರಿ ಮಾತ್ರ ಇನ್ನೂ ಯಾರ ಕೈಯಲ್ಲೂ ಇಲ್ಲ. ಹಿರಿಯರು "ಗಂಟಿನ ಮಾತೇ ಅಷ್ಟು" ಎಂದು ಕೂತರು.

ಶಿರಸಿಯಿಂದ ಬಂದಿದ್ದ ಹುಡುಗಿ ಕೇಳಿದ್ದು, ಮನೆಯಲ್ಲಿ ಕೂತು ಇದನ್ನು ಮಾಡಬಹುದೇ ಎಂದು. ಮಾಡಬಹುದು ತಂಗೀ. ಎಸ್‌ಡಿಒ ಅಳತೆಗಳೆಲ್ಲ ಪುಕ್ಕಟೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 1969ರ ಮಾದರಿ ಪೈಥಾನಿನಲ್ಲಿ ಸಿದ್ಧವಿದೆ. ಮೊದಲು ಆ 2.5 ಅನ್ನು 2 ಮಾಡಿ ನೋಡು, ಆಮೇಲೆ 3 ಮಾಡು. ಎಷ್ಟು ರೇಖೆ ಬಿಚ್ಚಿಕೊಂಡವು, ಎಷ್ಟು ಮುಚ್ಚಿಕೊಂಡವು ಎಂದು ಎಣಿಸು. ನಾನು ಒಂದು ಗಂಟೆ ಮಾತಾಡಿದ್ದಕ್ಕಿಂತ ಹೆಚ್ಚು ಅದರಲ್ಲಿ ತಿಳಿಯುತ್ತದೆ. ಕರೆಂಟ್ ಹೋಗುವ ಮೊದಲು ಸೇವ್ ಮಾಡಿಕೋ.

ಕೊನೆಯದು ಎಲ್ಲ ಗ್ರಹಣದ ಉಪನ್ಯಾಸಗಳಲ್ಲೂ ಬರುವ ಪ್ರಶ್ನೆ: ಇಲ್ಲಿ ಮತ್ತೆ ಯಾವಾಗ? ಭಾರತದ ನೆಲಕ್ಕೆ ಮುಂದಿನ ಖಗ್ರಾಸ 2034ರ ಮಾರ್ಚ್ 20ರಂದು, ಅದೂ ಕಾಶ್ಮೀರ, ಲಡಾಖ್ ಕಡೆ. ನಮ್ಮ ಪಾಲಿಗೆ 2027ರ ಆಗಸ್ಟ್ 2ರ ಸಂಜೆ ಪಾರ್ಶ್ವಗ್ರಹಣವಿದೆ, ಈಜಿಪ್ಟಿನಲ್ಲಿ ಖಗ್ರಾಸವಾಗಿ ಬರುವುದರ ಬಾಲ. ಕರೋನಾ ಕಾಣುವುದಿಲ್ಲ. ಅಷ್ಟೇ ಅಲ್ಲ, ಆಗಸ್ಟ್ ಎರಡನೇ ತಾರೀಕು ಕಾರವಾರದಲ್ಲಿ ಸೂರ್ಯನೇ ಕಂಡವರುಂಟೇ? ಆದರೂ ಮೋಡ ಒಂದು ಗಳಿಗೆ ಹರಿದರೆ ಬರಿಗಣ್ಣಲ್ಲಿ ನೋಡಬೇಡಿ. ಹೆಂಚಿನ ಸಂದಿ ಈಗ ಎಷ್ಟು ಮನೆಯಲ್ಲಿ ಉಳಿದಿದೆಯೋ, ಎಲ್ಲ ಸ್ಲ್ಯಾಬು. ಅಡುಗೆಮನೆಯಿಂದ ಕರಿಯುವ ತೂತಿನ ಸೌಟು ತನ್ನಿ, ಅಂಗಳದಲ್ಲಿ ಬಿಸಿಲಿಗೆ ಹಿಡಿಯಿರಿ. ನೆಲದ ಮೇಲೆ ಇಪ್ಪತ್ತು ಕುಡುಗೋಲು ಬೀಳುತ್ತವೆ.